ಭಾನುವಾರದ ಕಟ್ಟೆಯಲ್ಲಿ ಬೈಗುಳ ನಿಲ್ಲಿಸಿದ್ದು

ರಾಜಾಜಿನಗರದ ನಮ್ಮ ಭಾನುವಾರದ ಹರಟೆ ಕಟ್ಟೆಯಲ್ಲಿ ಈಗ ಮೂರೂ ಪಕ್ಷದವರು ಕೂರುತ್ತಾರೆ. ಒಬ್ಬರ ನಾಯಕರನ್ನು ಇನ್ನೊಬ್ಬರು ಮರ್ಯಾದೆ ಬಿಡದೆ ಟೀಕಿಸುತ್ತಾರೆ. ಆಗಲ್ಲ ಅಂದವರೇ ಜಾಸ್ತಿ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ. ಜನ ಸೇರಿಸುವುದು, ಸಮಯ ಹಂಚುವುದು ಕಟ್ಟೆ ನಡೆಸುವವರಿಗೆ ಗೊತ್ತೇ ಇದೆ, ಅಲ್ವಾ?

ಮೊದಲು ರಾಜಕೀಯವೇ ಬೇಡ ಅಂದೆ. ಅರ್ಧ ಜನ ಬರುವುದನ್ನೇ ಬಿಟ್ಟರು. ತಲಾ ನೂರು ರೂಪಾಯಿ ವಂತಿಗೆಯಲ್ಲಿ ಕೋಣೆ ಬಾಡಿಗೆ, ಎಂಟುನೂರೋ ಒಂಬೈನೂರೋ ಇರಬೇಕು, ಹುಟ್ಟದೆ ಕೆಲವು ತಿಂಗಳು ನನ್ನ ಜೇಬಿಂದಲೇ ಹೋಯಿತು.

ಆಮೇಲೆ ದಂಡ. ಯಾವ ನಾಯಕರನ್ನೇ ಆಗಲಿ ಏಕವಚನದಲ್ಲಿ ಕರೆದರೆ ಹುಂಡಿಗೆ ಹತ್ತು ರೂಪಾಯಿ. ಇದು ಸರಿಯಾಗಿ ಕೈಕೊಟ್ಟಿತು. ಹಾಸನ ಕಡೆಯ ಹಿರಿಯರೊಬ್ಬರು ಪ್ರೀತಿಯಿಂದ ‘ನಮ್ ಗೌಡ 96ರಲ್ಲಿ ಪ್ರಧಾನಿ ಆದಾಗ’ ಅಂತಲೇ ಮಾತು ಶುರು ಮಾಡುವವರು. ಪಾಪ, ಹೆಚ್ಚು ದಂಡ ಕಟ್ಟಿದ್ದು ಅವರೇ. ಎದುರಿಗೆ ಕೂತವರು ‘ಮಹಾನುಭಾವರು ದಯಮಾಡಿಸಿದರು’ ಅಂತ ಬಹುವಚನದಲ್ಲೇ ಚುಚ್ಚಿ, ಬಿಡಿಗಾಸು ಕೊಡದೆ ಎದ್ದು ಹೋದರು. ಇನ್ನೊಬ್ಬರಂತೂ ಬಂದವರೇ ಇನ್ನೂರರ ನೋಟು ಹಾಕಿ, ‘ಇವತ್ತಿನದು ಅಡ್ವಾನ್ಸ್’ ಅಂತ ಬೈಯಲು ಕೂತರು! ಹುಂಡಿಯಲ್ಲಿ ಎರಡು ಸಾವಿರದಷ್ಟು ಸೇರಿತು, ಬೈಟು ಕಾಫಿಗೆ ಆಯಿತು.

ಕೊನೆಗೆ ಕೈಹಿಡಿದದ್ದು ಇದು: ಎದುರು ಪಕ್ಷದ ನಾಯಕರು ಮಾಡಿದ ಒಂದು ಕೆಲಸವನ್ನು ಮೆಚ್ಚಿ ಹೇಳಿದ ಮೇಲೆಯೇ ಟೀಕೆ. ಸುಮ್ನೆ ‘ಒಳ್ಳೆಯವರು’ ಅಂದರೆ ನಡೆಯಲ್ಲ, ಕೆಲಸದ ಹೆಸರೇ ಬೇಕು. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವ ಹಾಗಿಲ್ಲ. ಮೊದಮೊದಲು ಮುಖ ಗಂಟಿಕ್ಕಿದರು, ಆಮೇಲೆ ಮನೆಯಿಂದ ಓದಿಕೊಂಡು ಬರತೊಡಗಿದರು. ಬಿಜೆಪಿಯ ಗೆಳೆಯರೊಬ್ಬರು 2013ರ ಅನ್ನಭಾಗ್ಯದಿಂದ ಹಿಡಿದು ದೇವರಾಜ ಅರಸರ ಭೂಸುಧಾರಣೆವರೆಗೂ ಹೋದರು. ಕಾಂಗ್ರೆಸ್‌ನವರೊಬ್ಬರು ವಾಜಪೇಯಿಯವರನ್ನು ತಂದರು. 1994ರಲ್ಲಿ ಅವರು ವಿರೋಧ ಪಕ್ಷದ ನಾಯಕರಾಗಿದ್ದೂ ಜಿನೀವಾದ ವಿಶ್ವಸಂಸ್ಥೆ ಮಾನವ ಹಕ್ಕು ಸಭೆಯಲ್ಲಿ ಭಾರತದ ನಿಯೋಗದ ಮುಂದಾಳಾಗಿದ್ದರಲ್ಲ, ಅದು. ಕಳಿಸಿದ್ದು ಪ್ರಧಾನಿ ನರಸಿಂಹ ರಾವ್! ಜಾಣತನ ನೋಡಿ, ಅವರನ್ನು ಹೊಗಳುತ್ತಲೇ ತಮ್ಮವರನ್ನೂ ಹೊಗಳಿಕೊಂಡರು. ಹೋಗಲಿ ಅಂತ ಬಿಟ್ಟೆ.

ಹೈಸ್ಕೂಲು ಹುಡುಗಿಯರ ಸೈಕಲ್ ಯೋಜನೆ ಬಂದ ದಿನ ಮಾತ್ರ ಗಲಾಟೆಯೇ ಆಯಿತು. 2006ರ ಸಮ್ಮಿಶ್ರ ಸರ್ಕಾರ, ಮುಖ್ಯಮಂತ್ರಿ ಕುಮಾರಸ್ವಾಮಿ, ಹಣಕಾಸು ಯಡಿಯೂರಪ್ಪನವರ ಕೈಯಲ್ಲಿ. ಹಾಗಾದರೆ ಹೊಗಳಿಕೆ ಯಾರ ಲೆಕ್ಕಕ್ಕೆ? ಅರ್ಧ ಗಂಟೆ ವಾದ, ಒಂದೇ ಒಂದು ಕೆಟ್ಟ ಮಾತಿಲ್ಲ. ‘ಇದೆಲ್ಲ ಎರಡು ವಾರದ ಆಟ’ ಅಂದಿದ್ದ ಗೆಳೆಯರನ್ನು ಅವತ್ತು ಬೇಕಂತಲೇ ಕರೆಸಿದ್ದೆ.

ಮಧ್ಯೆ ಇನ್ನೊಂದು ಆಟವನ್ನೂ ನೋಡಿದೆ. ಹಳೇ ಬಜೆಟ್ ಭಾಷಣಗಳ ಸಾಲುಗಳನ್ನು ಹೆಸರು ಮುಚ್ಚಿ ಓದಿಸಿ, ಯಾರದು ಹೇಳಿ ಅಂದೆ. ಚೆನ್ನಾಗಿದ್ದ ಸಾಲೆಲ್ಲ ಪ್ರತಿಯೊಬ್ಬರಿಗೂ ತಮ್ಮವರದೇ! ಜೆರಾಕ್ಸ್ ಖರ್ಚು ದಂಡ, ಮಜಾ ಮಾತ್ರ ಸಿಕ್ಕಿತು.

ಹೊಸಬರು ಎಗರಾಡಿದರೆ ಜೆಡಿಎಸ್ 2018ರಲ್ಲಿ ಯಾರ ಜೊತೆ, 2023ರಲ್ಲಿ ಯಾರ ಜೊತೆ ಅಂತ ಕೇಳುತ್ತೇನೆ. ನಾಳೆ ಯಾರ ಪರ ಮತ ಕೇಳಬೇಕಾಗುತ್ತದೋ ಅನ್ನುವ ಯೋಚನೆ ಬಂದರೆ ನಾಲಿಗೆ ತಾನೇ ಹಿಡಿತಕ್ಕೆ ಬರುತ್ತದೆ.

ಯಾರ ಪಕ್ಕ ಯಾರನ್ನು ಕೂರಿಸುತ್ತೇನೆ, ಮೊದಲ ಮಾತು ಯಾರಿಗೆ, ಅದು ಹೇಳಲ್ಲ. ಚುನಾವಣೆ ಫಲಿತಾಂಶದ ವಾರ ಮಾತ್ರ ಕಟ್ಟೆ ಇಡಬೇಡಿ. ಗೆದ್ದವರು ಮಾತು ಕೇಳಲ್ಲ, ಸೋತವರು ಬರಲ್ಲ, ಬಾಡಿಗೆ ದಂಡ.