ಥೀಮ್ ಹೋಟೆಲ್ ಕಟ್ಟುವ ಮುಂಚೆ, ಪರದೆ ಬರೆದವನ ನಾಲ್ಕು ಮಾತು

ಇಪ್ಪತ್ತೆರಡು ವರ್ಷ ನಾಟಕ ಕಂಪನಿಗಳಿಗೆ ಪರದೆ ಬರೆದವನು ನಾನು. ಹೋದ ತಿಂಗಳು ತಂಗಿಯ ಮಗ ಚಿತ್ರದುರ್ಗಕ್ಕೆ ಬಂದು, "ಮಾವ, ಕೋಟೆ ಹತ್ತಿರ ಪಾಳೇಗಾರರ ಕಾಲದ ಹೋಟೆಲ್ ಮಾಡ್ತೀನಿ. ರಾತ್ರಿಗೆ ಹನ್ನೆರಡು ಸಾವಿರ" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಮೊದಲು ಜಾಗ. ಕೋಟೆ ಪುರಾತತ್ವ ಇಲಾಖೆಯದು. ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು.

ಆಮೇಲೆ ಗೋಡೆ. ನಾಟಕದ ಅರಮನೆಯನ್ನು ಜನ ದೂರದಿಂದ, ಮೂರು ತಾಸು ನೋಡುತ್ತಾರೆ. ಹೋಟೆಲಿನ ಗೋಡೆಗೆ ಒರಗುತ್ತಾರೆ, ಒದ್ದೆ ಟವಲ್ ನೇತು ಹಾಕುತ್ತಾರೆ. ಒಂದು ರೆಸಾರ್ಟಿಗೆ ನಾನೇ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಬಂಡೆ ಮಾಡಿಕೊಟ್ಟಿದ್ದೆ. ಮೊದಲ ಮಳೆಗಾಲಕ್ಕೇ ಬಚ್ಚಲ ಪಕ್ಕದ ಬಂಡೆ ಹಪ್ಪಳದ ಹಾಗೆ ಉಬ್ಬಿ, ಒಳಗಿನ ನಾರು ಹೊರಗೆ ಬಂತು. ತಪ್ಪು ನನ್ನದೇ. ಕಲ್ಲಿನ ಊರಲ್ಲಿ ಸುಳ್ಳು ಬಂಡೆ ಯಾಕೆ, ಅಲ್ವಾ? ಕೈಗೆ ಎಟುಕುವಷ್ಟು ಎತ್ತರಕ್ಕೆ ನಿಜವಾದ ಕಲ್ಲು ಹಾಕಿಸಿ. ಬಣ್ಣದ ಆಟ ಅದರ ಮೇಲಿರಲಿ.

ಇನ್ನು ಅತಿಥಿಗಳ ಮುಂದೆ ಆ ಕಾಲದವರ ಹಾಗೆ ನಟಿಸುವ ವೇಷದವರು. ದುಡ್ಡು ಮುಳುಗುವುದು ಇಲ್ಲೇ. ಫ್ಲಾರಿಡಾದಲ್ಲಿ ಡಿಸ್ನಿಯವರು 2022ರ ಮಾರ್ಚ್‌ನಲ್ಲಿ ಸ್ಟಾರ್ ವಾರ್ಸ್ ಸಿನಿಮಾಗಳ ಲೋಕದ ಹೋಟೆಲ್ ತೆರೆದರು. 100 ಕೋಣೆಯ ಆಕಾಶನೌಕೆ. ಕಿಟಕಿ ಇರಬೇಕಾದ ಕಡೆ ಸ್ಕ್ರೀನು, ಅದರಲ್ಲಿ ನಕ್ಷತ್ರ (ಅದೂ ಒಂಥರ ಪರದೆಯೇ). ಎರಡು ರಾತ್ರಿಗೆ, ಇಬ್ಬರಿಗೆ ಸುಮಾರು 4,800 ಡಾಲರ್. ಊಟ, ಕಥೆ, ಪಾತ್ರಧಾರಿಗಳು ಎಲ್ಲ ಸೇರಿ. ಹೋದವರಲ್ಲಿ ತುಂಬಾ ಜನ ಮೆಚ್ಚಿದರು. ಆದರೂ 2023ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ನನಗೆ ತೋಚುವುದು ಇಷ್ಟು: ಕೋಣೆ ಅರ್ಧ ಖಾಲಿಯಿದ್ದರೂ ಪಾತ್ರಧಾರಿಗೆ ಪೂರ್ತಿ ಸಂಬಳ ಕೊಡಬೇಕು. ಕಥೆ ಒಮ್ಮೆ ಕಂಡವನು ಅಷ್ಟು ದುಡ್ಡು ಸುರಿದು ಮತ್ತೆ ಬರುವುದು ಕಷ್ಟ. ಜನ ಕಮ್ಮಿಯಾದರೆ ನಮ್ಮ ಕಂಪನಿ ನಾಟಕ ಬದಲಿಸುತ್ತಿತ್ತು. ಅದೂ ಸಾಗದಿದ್ದರೆ ತಂಬು ಕಿತ್ತು ದಾವಣಗೆರೆಗೆ ಹೊರಡುತ್ತಿತ್ತು. ಹೋಟೆಲ್ ಕಿತ್ತುಕೊಂಡು ಹೋಗೋಕಾಗುತ್ತಾ?

ಅದಕ್ಕೇ ಒಂದೇ ಕೋಣೆಯಿಂದ ಶುರು ಮಾಡಿ, ಉಳಿದವು ಸಾದಾ ಇರಲಿ. ವೇಷದವರನ್ನು ಸಂಬಳಕ್ಕೆ ಇಟ್ಟುಕೊಳ್ಳಬೇಡಿ. ಶನಿವಾರ ಸಂಜೆ ಒಬ್ಬರನ್ನು ಕರೆಸಿ ಓಬವ್ವನ ಕಥೆ ಹೇಳಿಸಿ, ಜೊತೆಗೆ ಮಂಡಕ್ಕಿ ಮಿರ್ಚಿ ಕೊಡಿ, ಸಾಕು. ಪ್ರತಿ ವರ್ಷ ಬಣ್ಣಕ್ಕೆ ಅಂತ ದುಡ್ಡು ತೆಗೆದಿಡಿ. ಬೆಳಿಗ್ಗೆ ಆರಕ್ಕೆ ಬಿಸಿನೀರು ಬರಲೇಬೇಕು, ಅದನ್ನು ಪಾಳೇಗಾರರ ಕಾಲಕ್ಕೆ ಒಯ್ಯಬೇಡಿ.

ಮತ್ತೆ ಸ್ವಿಚ್‌ಬೋರ್ಡ್. ಅಳಿಯ ಅದನ್ನು ಮರದ ಗುರಾಣಿಯ ಹಿಂದೆ ಬಚ್ಚಿಡುತ್ತಾನಂತೆ. ರಾತ್ರಿ ಎರಡು ಗಂಟೆಗೆ ಎದ್ದವರು ಕತ್ತಲಲ್ಲಿ ಗುರಾಣಿ ಹುಡುಕಬೇಕಾ? ಮಂಚದ ಪಕ್ಕದಲ್ಲೇ ಹಾಕಿಸಿ.