ಸೂಜಿ ಚುಚ್ಚಿದರೆ ಮೊದಲ ಎರಡು ಗಂಟೆ: ವಾರ್ಡ್ ಸಿಸ್ಟರ್‌ಗಳಿಗೆ

ಎಷ್ಟೋ ಸಲ ಸೂಜಿ ಚುಚ್ಚುವುದು ಇಂಜೆಕ್ಷನ್ ಕೊಡುವಾಗಲ್ಲ, ಕೊಟ್ಟಾದ ಮೇಲೆ. ಕ್ಯಾಪ್ ವಾಪಸ್ ಹಾಕುವಾಗ, ಕಿಡ್ನಿ ಟ್ರೇಯಲ್ಲಿ ಹತ್ತಿಯಡಿ ಸೂಜಿ ಉಳಿದಾಗ, ತುಂಬಿದ ಡಬ್ಬಕ್ಕೆ ಇನ್ನೊಂದು ತುರುಕುವಾಗ. ಹಾಗಾಗಿ ಐವಿ ಹಾಕಲು ಹೊರಡುವಾಗಲೇ ಸೂಜಿಯಂಥ ಚೂಪು ವಸ್ತು ಹಾಕುವ ಬಿಳಿ ಶಾರ್ಪ್ಸ್ ಡಬ್ಬ ಟ್ರಾಲಿ ಮೇಲಿರಲಿ. ಕ್ಯಾನುಲಾದ ಸ್ಟೈಲೆಟ್ (ಒಳಗಿನ ಸೂಜಿ) ಎಳೆದ ಕೈಯೇ ಅದನ್ನು ಡಬ್ಬಕ್ಕೆ ಹಾಕಬೇಕು. ಪ್ಲಾಸ್ಟರ್ ಅಂಟಿಸಿ ಆಮೇಲೆ ಹಾಕೋಣವೆಂದು ಹಾಸಿಗೆ ಮೇಲಿಟ್ಟರೆ ಅದು ಬೆಡ್‌ಶೀಟ್ ಜೊತೆ ಆಯಾ ಕೈಗೆ ಹೋಗುತ್ತದೆ. ಡಬ್ಬ ಮುಕ್ಕಾಲು ತುಂಬಿದರೆ ಮುಚ್ಚಿ ಸೀಲ್ ಮಾಡಿ. ಕ್ಯಾಪ್ ಹಾಕಲೇಬೇಕಾದರೆ ಅದನ್ನು ಟ್ರೇಯಲ್ಲಿ ಮಲಗಿಸಿ, ಒಂದೇ ಕೈಯಿಂದ ಸೂಜಿಯನ್ನು ಒಳಗೆ ತೂರಿಸಿ.

ಚುಚ್ಚಿದ ತಕ್ಷಣ ಗ್ಲೌಸ್ ತೆಗೆದು, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಹಿಂಡಬೇಡಿ, ಬೆರಳು ಬಾಯಿಗಿಡಬೇಡಿ, ಸ್ಪಿರಿಟ್, ಬ್ಲೀಚಿಂಗ್ ದ್ರಾವಣ ಸುರಿಯಬೇಡಿ. ಉರಿ ಕೊಡುವುದೆಲ್ಲ ಕ್ರಿಮಿ ಕೊಲ್ಲುತ್ತದೆಂಬ ನಂಬಿಕೆ ವಾರ್ಡುಗಳಲ್ಲಿ ಬಲವಾಗಿದೆ; ಇಲ್ಲಿ ಅದು ಚರ್ಮ ಕೆಡಿಸುತ್ತದೆ, ಅಷ್ಟೆ. ರಕ್ತ ಕಣ್ಣಿಗೆ ಸಿಡಿದರೆ ಸೋಪು ಬೇಡ, ನೀರು ಅಥವಾ ನಾರ್ಮಲ್ ಸಲೈನ್ ಸಾಕು.

ತೊಳೆದ ಕೂಡಲೇ ಡ್ಯೂಟಿ ಡಾಕ್ಟರಿಗೆ ಹೇಳಿ. ಶಿಫ್ಟ್ ಮುಗಿಯಲಿ ಎಂದು ಕಾಯಬೇಡಿ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಯ ಮೊದಲ ಡೋಸ್ ಎರಡು ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು. 72 ಗಂಟೆ ದಾಟಿದರೆ ಶುರು ಮಾಡುವುದಿಲ್ಲ. ರೋಗಿಯ ರಕ್ತ ಪರೀಕ್ಷೆಗೆ ಅವರ ಒಪ್ಪಿಗೆ ಬೇಕು, ಆದರೆ ಆ ರಿಪೋರ್ಟಿಗಾಗಿ ಮೊದಲ ಡೋಸ್ ತಡೆಹಿಡಿಯಬಾರದು. ನೆಗೆಟಿವ್ ಬಂದರೆ ವೈದ್ಯರು ನಿಲ್ಲಿಸುತ್ತಾರೆ. ಮುಂದುವರಿಸಬೇಕಾದರೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆ ದಿನಕ್ಕೊಂದು, 28 ದಿನ. ಮಳವಳ್ಳಿ, ನಾಗಮಂಗಲದಂಥ ಕಡೆಯ ಸಣ್ಣ ನರ್ಸಿಂಗ್ ಹೋಂನಲ್ಲಿ ಮಾತ್ರೆ ಇಲ್ಲದಿದ್ದರೆ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೊರಡಿ. ರಾತ್ರಿ ಎಲ್ಲಿ, ಯಾರ ಬಳಿ ಸಿಗುತ್ತದೆಂದು ಇಂದೇ ಫೋನ್ ಮಾಡಿ ತಿಳಿದು ನರ್ಸಿಂಗ್ ಸ್ಟೇಷನ್ನಿನಲ್ಲಿ ಬರೆದು ಅಂಟಿಸಿ.

ಎಲ್ಲರೂ ಹೆದರುವುದು ಎಚ್‌ಐವಿಗೆ. ಸೋಂಕಿತ ರಕ್ತದ ಸೂಜಿಯಿಂದ ಅದು ತಗಲುವ ಸಾಧ್ಯತೆ ಸುಮಾರು ಶೇ. 0.3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ. 6ರಿಂದ 30. ಲಸಿಕೆ 0, 1, 6 ತಿಂಗಳಿಗೆ, ಮೂರು ಡೋಸ್; ಎರಡಕ್ಕೇ ನಿಲ್ಲಿಸಿದವರು ಬಹಳ ಮಂದಿ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ ಟೈಟರ್ (ಲಸಿಕೆಯಿಂದ ರಕ್ತದಲ್ಲಿ ಬಂದ ಪ್ರತಿಕಾಯಗಳ ಮಟ್ಟ) ನೋಡಿಸಿ, 10 mIU/mLಗಿಂತ ಕಡಿಮೆ ಇರಬಾರದು. ಲಸಿಕೆಯಿಲ್ಲದವರಿಗೆ ಪಾಸಿಟಿವ್ ರೋಗಿಯ ಸೂಜಿ ಚುಚ್ಚಿದರೆ ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು, 24 ಗಂಟೆಯೊಳಗಾದರೆ ಉತ್ತಮ. ಹೆಪಟೈಟಿಸ್ ಸಿಗೆ ಲಸಿಕೆಯೂ ಇಲ್ಲ, ತಡೆ ಮಾತ್ರೆಯೂ ಇಲ್ಲ, ಪರೀಕ್ಷೆಯೊಂದೇ ದಾರಿ.

ಅಂದೇ ನಿಮ್ಮ ರಕ್ತವನ್ನೂ ಕೊಡಿ. ಆ ದಿನದ ನೆಗೆಟಿವ್ ರಿಪೋರ್ಟ್ ಕೈಯಲ್ಲಿಲ್ಲದಿದ್ದರೆ ಸೋಂಕು ಡ್ಯೂಟಿಯಲ್ಲೇ ತಗಲಿದ್ದೆಂದು ಮುಂದೆ ತೋರಿಸುವುದು ಕಷ್ಟ. ರಿಜಿಸ್ಟರಿನಲ್ಲಿ ಸಮಯ, ಸೂಜಿಯ ಬಗೆ, ಗಾಯದ ಆಳ, ಗ್ಲೌಸ್ ಇತ್ತೇ ಎಂಬುದನ್ನು ಬರೆಸಿ, ನಕಲು ಇಟ್ಟುಕೊಳ್ಳಿ. ಎಚ್‌ಐವಿ ಪರೀಕ್ಷೆ ಆರು ವಾರಕ್ಕೆ, ಮೂರು ತಿಂಗಳಿಗೆ ಮತ್ತೆ. ಅಲ್ಲಿಯವರೆಗೆ ರಕ್ತದಾನ ಬೇಡ, ಕಾಂಡೋಮ್ ಬಳಸಿ.

ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಅಥವಾ ಆಂಟಾಸಿಡ್ ತೆಗೆದುಕೊಳ್ಳುವವರು ಪಿಇಪಿ ಮಾತ್ರೆಯನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ನುಂಗಬೇಕು. ಒಟ್ಟಿಗೆ ನುಂಗಿದರೆ ಡೊಲುಟೆಗ್ರಾವಿರ್ ಸರಿಯಾಗಿ ಹೀರಿಕೆಯಾಗುವುದಿಲ್ಲ.