ಮುಚ್ಚಿಹೋದ ಒಳಾಂಗಣ ಫುಟ್‌ಬಾಲ್ ತಂಡದ ಇತಿಹಾಸವನ್ನು ಬರೆಯುವ ಕ್ರಮ

ಅಮೆರಿಕದ ಒಳಾಂಗಣ ಫುಟ್‌ಬಾಲ್ ಎಂದರೆ ಐಸ್ ಹಾಕಿ ಮತ್ತು ಬ್ಯಾಸ್ಕೆಟ್‌ಬಾಲ್‌ಗಾಗಿ ಕಟ್ಟಿದ ಕ್ರೀಡಾಂಗಣದೊಳಗೆ ಹಿಡಿಸುವಂತೆ ಕುಗ್ಗಿಸಿದ ಅಮೆರಿಕನ್ ಫುಟ್‌ಬಾಲ್. ನಾವು ಸಾಮಾನ್ಯವಾಗಿ ನೋಡುವ ಫುಟ್‌ಬಾಲಿಗೂ ಅದಕ್ಕೂ ಸಂಬಂಧವಿಲ್ಲ. 1987ರಲ್ಲಿ ಅರೀನಾ ಫುಟ್‌ಬಾಲ್ ಲೀಗ್ ಷಿಕಾಗೊ, ಡೆನ್ವರ್, ಪಿಟ್ಸ್‌ಬರ್ಗ್ ಮತ್ತು ವಾಷಿಂಗ್ಟನ್‌ಗಳ ನಾಲ್ಕು ತಂಡಗಳೊಂದಿಗೆ ಆರಂಭವಾಯಿತು. ಆ ನಾಲ್ಕರಲ್ಲಿ ಒಂದೂ ಇಂದು ಉಳಿದಿಲ್ಲ. ಅನಂತರ ಹುಟ್ಟಿದ ತಂಡಗಳಲ್ಲಿಯೂ ಬಹುಪಾಲು ಮುಚ್ಚಿಹೋಗಿವೆ; ಕೆಲವಂತೂ ಒಂದೇ ಋತು ಆಡಿ ಕಣ್ಮರೆಯಾದವು. ಇಂಥ ತಂಡದ ಇತಿಹಾಸವನ್ನು ಬರೆಯ ಹೊರಟವರು ಸಾಮಾನ್ಯವಾಗಿ ಋತುವಿಗೊಂದು ಪ್ಯಾರಾದಂತೆ ಗೆಲುವು ಸೋಲುಗಳನ್ನು ಜೋಡಿಸಿ, ಕೊನೆಯಲ್ಲಿ ಆರ್ಥಿಕ ಕಾರಣಗಳಿಂದ ತಂಡ ಮುಚ್ಚಿತು ಎಂಬ ಒಂದು ವಾಕ್ಯ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ಬರೆಯಬೇಕಾದ ಇತಿಹಾಸವೆಲ್ಲ ಆ ಒಂದು ವಾಕ್ಯದ ಒಳಗೇ ಇದೆ: ತಂಡ ಯಾರದಾಗಿತ್ತು, ಯಾರ ಕಟ್ಟಡದಲ್ಲಿ ಆಡುತ್ತಿತ್ತು, ಯಾವ ಲೀಗಿನ ಆಸರೆಯಲ್ಲಿತ್ತು, ಮತ್ತು ಈ ಮೂರರಲ್ಲಿ ಮೊದಲು ಕಳಚಿಕೊಂಡದ್ದು ಯಾವುದು.

ಮೊದಲ ಕೆಲಸ: ಯಾವ ತಂಡ ಎಂಬುದನ್ನು ತೀರ್ಮಾನಿಸುವುದು

ಇದು ಮೇಲ್ನೋಟಕ್ಕೆ ಸುಲಭವೆನಿಸಿದರೂ ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲಿಯೇ. ಹೆಸರು, ಊರು, ಫ್ರಾಂಚೈಸಿ ಹಕ್ಕು ಮತ್ತು ಲೀಗ್ ಈ ನಾಲ್ಕೂ ಒಟ್ಟಿಗೇ ಸಾಗುತ್ತವೆ ಎಂದು ಭಾವಿಸಿದರೆ ಬರಹ ಬುಡದಿಂದಲೇ ಕೆಡುತ್ತದೆ. ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯನ್ನೇ ನೋಡಬಹುದು. ಆಲ್ಬನಿ ಫೈರ್‌ಬರ್ಡ್ಸ್ ತಂಡ 1990ರಲ್ಲಿ ಅರೀನಾ ಲೀಗಿಗೆ ಬಂದು, 1999ರ ಆಗಸ್ಟ್‌ನಲ್ಲಿ ತನ್ನದೇ ಊರಿನಲ್ಲಿ ಒರ್ಲ್ಯಾಂಡೊ ಪ್ರಿಡೇಟರ್ಸ್ ತಂಡವನ್ನು 59–48ರಿಂದ ಸೋಲಿಸಿ ಹದಿಮೂರನೆಯ ಅರೀನಾಬೌಲ್ (ಲೀಗಿನ ಅಂತಿಮ ಪಂದ್ಯ) ಗೆದ್ದಿತು. 2000ದ ಋತು ಮುಗಿದ ಮೇಲೆ ಆ ಫ್ರಾಂಚೈಸಿ ಇಂಡಿಯಾನಾಪೊಲಿಸ್‌ಗೆ ಹೋಗಿ ಇಂಡಿಯಾನಾ ಫೈರ್‌ಬರ್ಡ್ಸ್ ಆಯಿತು ಮತ್ತು 2004ರ ಋತುವಿನೊಂದಿಗೆ ಕೊನೆಗೊಂಡಿತು. ಆದರೆ ಆಲ್ಬನಿಯಲ್ಲಿ 2002ರಲ್ಲಿ ಎರಡನೆಯ ದರ್ಜೆಯ ಲೀಗಾದ ಎಎಫ್2ರಲ್ಲಿ ಕಾಂಕ್ವೆಸ್ಟ್ ಎಂಬ ಬೇರೆ ತಂಡ ಹುಟ್ಟಿತು. ಅದು 2009ರಲ್ಲಿ ಹಳೆಯ ಫೈರ್‌ಬರ್ಡ್ಸ್ ಹೆಸರನ್ನು ಧರಿಸಿ ಆಡಿದ ಆ ಒಂದು ಋತುವಿನ ಬೆನ್ನಿಗೇ ಲೀಗೇ ಮುಚ್ಚಿತು. 2018ರಲ್ಲಿ ಆಲ್ಬನಿ ಎಂಪೈರ್ ಬಂತು, 2019ರಲ್ಲಿ ಅರೀನಾಬೌಲ್ ಗೆದ್ದಿತು, ಅದರ ಬೆನ್ನಿಗೇ ಅದರ ಲೀಗೂ ಹೋಯಿತು. 2021ರಲ್ಲಿ ನ್ಯಾಷನಲ್ ಅರೀನಾ ಲೀಗಿನಲ್ಲಿ ಮತ್ತೊಂದು ಎಂಪೈರ್ ಬಂದು 2023ರ ಋತುವಿನ ನಡುವೆ ಲೀಗಿನಿಂದ ಹೊರಬಿತ್ತು. 2024ರಲ್ಲಿ ಮತ್ತೆ ಫೈರ್‌ಬರ್ಡ್ಸ್ ಹೆಸರು ಮರಳಿತು.

ಒಂದೇ ಊರು, ಒಂದೇ ಕ್ರೀಡಾಂಗಣ, ಎರಡೇ ಪ್ರಮುಖ ಹೆಸರುಗಳು. ಆದರೂ ಇಲ್ಲಿ ಕನಿಷ್ಠ ಐದು ಬೇರೆ ಬೇರೆ ಕಥೆಗಳಿವೆ. 1999ರ ಪ್ರಶಸ್ತಿ ಇಂಡಿಯಾನಾಪೊಲಿಸ್‌ನ ತಂಡದ ಇತಿಹಾಸಕ್ಕೆ ಸೇರುತ್ತದೆಯೋ, 2009ರ ಆಲ್ಬನಿ ತಂಡದ ಇತಿಹಾಸಕ್ಕೆ ಸೇರುತ್ತದೆಯೋ ಎಂದು ಕೇಳಿಕೊಂಡರೆ ತೊಡಕು ಅರ್ಥವಾಗುತ್ತದೆ. ಫ್ರಾಂಚೈಸಿಯ ದಾಖಲೆಯ ಪ್ರಕಾರ ಮೊದಲನೆಯದು ಸರಿ. ಊರಿನ ಅಭಿಮಾನಿಗಳ ನೆನಪಿನಲ್ಲಿ ಎರಡನೆಯದೇ ಸಹಜ. ಬರೆಯುವವರು ಎರಡರಲ್ಲಿ ಒಂದನ್ನು ಆರಿಸಿ, ಆ ಆಯ್ಕೆಯನ್ನು ಮೊದಲ ಪುಟದಲ್ಲಿಯೇ ಓದುಗರಿಗೆ ತಿಳಿಸಬೇಕು. ನಾನಾದರೆ ಫ್ರಾಂಚೈಸಿಯ ಎಳೆಯನ್ನೇ ಹಿಡಿಯುತ್ತೇನೆ, ಏಕೆಂದರೆ ಒಡೆತನ, ಸಾಲ ಮತ್ತು ಆಟಗಾರರ ಕರಾರುಗಳು ಸಾಗುವುದು ಅದರ ಜೊತೆಗೆ. ಇದು ಆಲ್ಬನಿಗೆ ಮಾತ್ರ ಸೀಮಿತವಾದ ಗೊಂದಲವಲ್ಲ. 2002ರಲ್ಲಿ ನ್ಯಾಶ್ವಿಲ್‌ನ ಕ್ಯಾಟ್ಸ್ ತಂಡವೇ ಸ್ಥಳಾಂತರಗೊಂಡು ಜಾರ್ಜಿಯಾ ಫೋರ್ಸ್ ಆಗಿತ್ತು. 2011ರಲ್ಲಿ ಕಾಣಿಸಿಕೊಂಡ ಜಾರ್ಜಿಯಾ ಫೋರ್ಸ್ ಅಲಬಾಮಾ ವೈಪರ್ಸ್ ಎಂಬ ತಂಡದ ಮರುಹೆಸರು. ಇವೆರಡನ್ನೂ ಒಂದೇ ಕೋಷ್ಟಕದಲ್ಲಿ ಸೇರಿಸಿದರೆ ಓದುಗರಿಗೆ ಸಿಗುವುದು ಎಂದೂ ಇರದಿದ್ದ ಒಂದು ತಂಡದ ಚರಿತ್ರೆ.

ಆದ್ದರಿಂದ ಒಂದು ವಾಕ್ಯವನ್ನೂ ಬರೆಯುವ ಮೊದಲು ವರ್ಷವಾರು ಕೋಷ್ಟಕ ಸಿದ್ಧಪಡಿಸಿಕೊಳ್ಳಬೇಕು. ಪ್ರತಿ ವರ್ಷದ ಎದುರು ತಂಡದ ಹೆಸರು, ಊರು, ಕ್ರೀಡಾಂಗಣ, ಲೀಗ್, ಮಾಲೀಕರು, ಮುಖ್ಯ ತರಬೇತುದಾರ ಎಂಬ ಅಂಕಣಗಳಿರಬೇಕು. ಕ್ರೀಡಾಂಗಣದ ಅಂಕಣವನ್ನು ಹಗುರವಾಗಿ ಕಾಣಬಾರದು. ಆಲ್ಬನಿಯ ಅದೇ ಕಟ್ಟಡ 1990ರಲ್ಲಿ ನಿಕರ್‌ಬಾಕರ್ ಅರೀನಾ ಎಂಬ ಹೆಸರಿನಲ್ಲಿ ತೆರೆದು, ಬಳಿಕ ಪೆಪ್ಸಿ ಅರೀನಾ, ಟೈಮ್ಸ್ ಯೂನಿಯನ್ ಸೆಂಟರ್ ಆಗಿ, 2022ರಿಂದ ಎಂವಿಪಿ ಅರೀನಾ ಎನಿಸಿಕೊಂಡಿದೆ. ಹಳೆಯ ಪತ್ರಿಕೆಗಳಲ್ಲಿ ಇಂದಿನ ಹೆಸರನ್ನು ಹುಡುಕಿದರೆ ಏನೂ ಸಿಗುವುದಿಲ್ಲ.

ಲೀಗನ್ನೂ ನಿಯಮಗಳನ್ನೂ ಅರಿಯದೆ ಅಂಕಿಅಂಶ ಮುಟ್ಟಬೇಡಿ

ಎಲ್ಲ ಒಳಾಂಗಣ ಫುಟ್‌ಬಾಲ್ ಒಂದೇ ಆಟವಲ್ಲ. ಜಿಮ್ ಫಾಸ್ಟರ್ 1981ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ ಪಂದ್ಯ ನೋಡುತ್ತ ಲಕೋಟೆಯೊಂದರ ಮೇಲೆ ಗೀಚಿಕೊಂಡ ಕಲ್ಪನೆಯಿಂದ ಬೆಳೆದದ್ದು ಅರೀನಾ ಫುಟ್‌ಬಾಲ್. ಅದರ ಅಂಗಣ 50 ಗಜ ಉದ್ದ, 85 ಅಡಿ ಅಗಲ. ತಂಡಕ್ಕೆ ಎಂಟು ಆಟಗಾರರು. ಗೋಲ್ ಕಂಬಗಳ ನಡುವೆ 9 ಅಡಿ ಅಂತರ, ಅಡ್ಡಪಟ್ಟಿ 15 ಅಡಿ ಎತ್ತರದಲ್ಲಿ. ಬಯಲು ಅಂಗಣದ ಅಮೆರಿಕನ್ ಫುಟ್‌ಬಾಲಿನ ಪ್ರಮುಖ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಇವೇ ಅಳತೆಗಳು 18.5 ಅಡಿ ಮತ್ತು 10 ಅಡಿ. ಕಂಬಗಳ ಎರಡೂ ಬದಿಯಲ್ಲಿ ಬಿಗಿದ ಬಲೆಗೆ ಬಡಿದು ಮರಳಿದ ಚೆಂಡು ಇನ್ನೂ ಆಟದಲ್ಲಿರುತ್ತದೆ. ಈ ಆಟಕ್ಕೆ 1990ರಲ್ಲಿ ಪೇಟೆಂಟ್ ದೊರೆತದ್ದರಿಂದ, ಅದು ಜಾರಿಯಲ್ಲಿದ್ದಷ್ಟು ಕಾಲ ಇತರ ಲೀಗ್‌ಗಳು ಆ ಬಲೆಗಳಿಲ್ಲದೆ ಆಡಬೇಕಾಯಿತು. ಹೀಗಾಗಿ 1999ರ ಇಂಡೋರ್ ಫುಟ್‌ಬಾಲ್ ಲೀಗಿನ ಒದೆಗಾರನನ್ನು ಅದೇ ವರ್ಷದ ಅರೀನಾ ಲೀಗಿನ ಒದೆಗಾರನೊಂದಿಗೆ ಹೋಲಿಸಿ ತೀರ್ಪು ಕೊಡುವುದಕ್ಕೆ ಅರ್ಥವಿಲ್ಲ. ಅಂದಹಾಗೆ, 1999–2000ದ ಆ ಲೀಗಿಗೂ, 2008ರಲ್ಲಿ ಯುನೈಟೆಡ್ ಇಂಡೋರ್ ಫುಟ್‌ಬಾಲ್ ಮತ್ತು ಇಂಟೆನ್ಸ್ ಫುಟ್‌ಬಾಲ್ ಲೀಗ್ ಒಂದಾಗಿ ರೂಪುಗೊಂಡು ಇಂದಿಗೂ ನಡೆಯುತ್ತಿರುವ ಅದೇ ಹೆಸರಿನ ಲೀಗಿಗೂ ಸಂಬಂಧವಿಲ್ಲ.

ಹಳೆಯ ಸ್ಕೋರ್ ಪಟ್ಟಿಯಲ್ಲಿ ಫೀಲ್ಡ್ ಗೋಲಿಗೆ, ಅಂದರೆ ಕಂಬಗಳ ನಡುವೆ ಒದ್ದ ಚೆಂಡಿಗೆ, ಸಾಮಾನ್ಯವಾದ ಮೂರರ ಬದಲು ನಾಲ್ಕು ಅಂಕ ಕಂಡರೆ ಮುದ್ರಣದೋಷವೆಂದು ತಿದ್ದಬಾರದು. ಅರೀನಾ ಲೀಗಿನಲ್ಲಿ ಚೆಂಡನ್ನು ನೆಲಕ್ಕೆ ಪುಟಿಸಿ ಒದ್ದ ಗೋಲಿಗೆ ನಾಲ್ಕು ಅಂಕಗಳೇ. ಆಟಗಾರರ ಹೆಸರಿನ ಮುಂದೆ ಎರಡು ಸ್ಥಾನಗಳಿರುವುದೂ ಅಷ್ಟೇ ಸಹಜ: 2007ರಲ್ಲಿ ನಿಯಮ ಸಡಿಲವಾಗುವವರೆಗೆ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಕ್ರಮಣ ನಡೆಸುವವನು), ಒದೆಗಾರ ಮತ್ತು ಕೆಲವೇ ವಿಶೇಷ ಆಟಗಾರರನ್ನು ಬಿಟ್ಟು ಉಳಿದವರೆಲ್ಲ ಆಕ್ರಮಣ, ರಕ್ಷಣೆ ಎರಡನ್ನೂ ಆಡಬೇಕಿತ್ತು.

ಆಕರಗಳನ್ನು ಹುಡುಕುವ ಬಗೆ

ತಂಡ ಮುಚ್ಚಿದಾಗ ಮೊದಲು ಅಳಿಯುವುದು ಅದರ ಜಾಲತಾಣ. ಹಳೆಯ ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ 1996ರಿಂದೀಚಿನ ಪ್ರತಿಗಳು ಇರಬಹುದಾದ್ದರಿಂದ ಅಲ್ಲಿಂದ ಆರಂಭಿಸುವುದು ವಾಡಿಕೆ. ಆದರೆ ತಂಡದ ವಿಳಾಸವನ್ನು ಆಮೇಲೆ ಬೇರೆಯವರು ಕೊಂಡಿರುವುದುಂಟು, ಹೀಗಾಗಿ ಪ್ರತಿಯ ದಿನಾಂಕ ನೋಡದೆ ಏನನ್ನೂ ಬಳಸಬಾರದು. ತಂಡದ ಜಾಲತಾಣ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು ಎಂಬುದೂ ನೆನಪಿರಲಿ.

ನಿಜವಾದ ಬೆನ್ನೆಲುಬು ಸ್ಥಳೀಯ ಪತ್ರಿಕೆ. ಆಲ್ಬನಿಯಾದರೆ ಟೈಮ್ಸ್ ಯೂನಿಯನ್, ಪಕ್ಕದ ಸ್ಕೆನೆಕ್ಟಡಿಯ ಗೆಜೆಟ್, ಟ್ರಾಯ್‌ನ ರೆಕಾರ್ಡ್. ಕ್ರೀಡಾಪುಟದಷ್ಟೇ ಗಮನವಿಟ್ಟು ವಾಣಿಜ್ಯ ಪುಟವನ್ನೂ ಓದಬೇಕು. ಪಂದ್ಯದ ವರದಿಗಾರ ಟಚ್‌ಡೌನ್‌ಗಳನ್ನು ಎಣಿಸುತ್ತಿರುವಾಗ ವಾಣಿಜ್ಯ ವರದಿಗಾರ ಮಾಲೀಕರ ಸಾಲವನ್ನು ಎಣಿಸುತ್ತಿರುತ್ತಾನೆ. ಒಂದೇ ಪಂದ್ಯಕ್ಕೆ ಎರಡೂ ಊರುಗಳ ಪತ್ರಿಕೆಗಳನ್ನು ತಾಳೆ ನೋಡುವುದು ಒಳ್ಳೆಯದು, ಏಕೆಂದರೆ ಸೋತ ಊರಿನ ವರದಿಯಲ್ಲಿ ಗಾಯಗಳ ವಿವರ, ಗೆದ್ದ ಊರಿನದರಲ್ಲಿ ಆಟದ ವಿವರ ಹೆಚ್ಚಿರುವುದುಂಟು.

ಅನೇಕರು ಮುಟ್ಟದೆ ಬಿಡುವ ಗಣಿಯೆಂದರೆ ಕ್ರೀಡಾಂಗಣದ ಕಡತ. ಈ ಕಟ್ಟಡಗಳು ಹಲವೆಡೆ ಸಾರ್ವಜನಿಕ ಆಸ್ತಿ. ಆಲ್ಬನಿಯದು ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ) ಸರ್ಕಾರದ್ದು. ಹಾಗಿದ್ದಲ್ಲಿ ಕೌಂಟಿಯ ಸಭೆಗಳ ನಡಾವಳಿಗಳು ಸಾರ್ವಜನಿಕವಾಗಿರುತ್ತವೆ, ಗುತ್ತಿಗೆ ಪತ್ರಗಳನ್ನು ಮಾಹಿತಿ ಹಕ್ಕಿನ ಕಾನೂನಿನಡಿ ಕೇಳಬಹುದು. ನ್ಯೂಯಾರ್ಕ್ ರಾಜ್ಯದಲ್ಲಿ ಇಂಥ ಲಿಖಿತ ಕೋರಿಕೆಗೆ ಐದು ಕೆಲಸದ ದಿನಗಳೊಳಗೆ ಕಚೇರಿ ಯಾವುದಾದರೊಂದು ಬಗೆಯ ಉತ್ತರ ಕೊಡಬೇಕು. ಕೋರಿಕೆಯಲ್ಲಿ ತಂಡದ ಹೆಸರಿನ ಬದಲು ಮಾಲೀಕ ಕಂಪನಿಯ ನೋಂದಾಯಿತ ಹೆಸರು ಮತ್ತು ವರ್ಷಗಳನ್ನು ಬರೆದರೆ ಕಡತ ಬೇಗ ಸಿಗುತ್ತದೆ. ಆ ನೋಂದಾಯಿತ ಹೆಸರು ರಾಜ್ಯದ ಕಂಪನಿ ನೋಂದಣಿ ಇಲಾಖೆಯ ಪಟ್ಟಿಯಲ್ಲಿರುತ್ತದೆ. ಗುತ್ತಿಗೆ ಪತ್ರ ಕೈಗೆ ಬಂದಾಗ ಮೂರು ಸಂಗತಿಗಳನ್ನು ನೋಡಬೇಕು: ಪ್ರತಿ ಪಂದ್ಯದ ಬಾಡಿಗೆ ಎಷ್ಟು, ತಿಂಡಿ-ಪಾನೀಯ ಮತ್ತು ಪಾರ್ಕಿಂಗ್ ಆದಾಯ ಯಾರಿಗೆ ಸೇರುತ್ತದೆ, ದಿನಾಂಕಗಳ ಆಯ್ಕೆಯಲ್ಲಿ ಯಾರಿಗೆ ಮೊದಲ ಹಕ್ಕು. ಸೀಟುಗಳು ತುಂಬಿದ್ದರೂ ತಂಡ ನಷ್ಟದಲ್ಲಿತ್ತು ಎಂಬ ಒಗಟು ಬಿಡಿಸಿಕೊಳ್ಳುವುದು ಹಲವು ವೇಳೆ ಈ ಪುಟಗಳಲ್ಲಿ.

ದಿವಾಳಿ ಪ್ರಕರಣವಿದ್ದರೆ ಅದು ಫೆಡರಲ್ ನ್ಯಾಯಾಲಯದಲ್ಲಿರುತ್ತದೆ ಮತ್ತು ಪೇಸರ್ ಎಂಬ ವ್ಯವಸ್ಥೆಯ ಮೂಲಕ ಯಾವ ದೇಶದಿಂದಲಾದರೂ ಓದಬಹುದು. ಪುಟಕ್ಕೆ 10 ಸೆಂಟ್ ಶುಲ್ಕವಿದೆ, ಮೂರು ತಿಂಗಳಲ್ಲಿ 30 ಡಾಲರ್ ಮೀರದಿದ್ದರೆ ಅದೂ ಮನ್ನಾ. ಚಾಪ್ಟರ್ 7 ಎಂದಿದ್ದರೆ ಆಸ್ತಿ ಮಾರಿ ಲೆಕ್ಕ ಮುಗಿಸಿದರೆಂದು ಅರ್ಥ. ಚಾಪ್ಟರ್ 11 ಎಂದಿದ್ದರೆ ಸಾಲ ಹೊಂದಿಸಿಕೊಂಡು ಮುಂದುವರಿಯುವ ಪ್ರಯತ್ನ ನಡೆದಿತ್ತೆಂದು ಅರ್ಥ. ಅಲ್ಲಿಯ, ತಂಡದಿಂದ ಹಣ ಬರಬೇಕಾದವರ ಪಟ್ಟಿಯಲ್ಲಿ ಪ್ರಯಾಣ, ವಿಮೆ, ಬಾಡಿಗೆ, ಮುದ್ರಣ ಹೀಗೆ ಯಾವ ಖರ್ಚು ಎಷ್ಟು ಉಳಿದಿತ್ತೆಂಬುದು ಅಂಕಿಯಲ್ಲಿ ಕಾಣುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಸಂಬಳ ಬರದ ಸಿಬ್ಬಂದಿಯ ಹೆಸರು, ವಿಳಾಸಗಳೂ ಇರಬಹುದು. ಅವನ್ನು ಬರಹಕ್ಕೆ ತರಬಾರದು.

ಪ್ರೇಕ್ಷಕರ ಸಂಖ್ಯೆಯ ವಿಷಯದಲ್ಲಿ ಸಂಶಯವೇ ಸರಿಯಾದ ಮನೋಭಾವ. ತಂಡ ಘೋಷಿಸಿದ ಸಂಖ್ಯೆಯಲ್ಲಿ ಉಚಿತವಾಗಿ ಹಂಚಿದ ಟಿಕೆಟ್‌ಗಳೂ ಸೇರಿರಬಹುದು, ಟಿಕೆಟ್ ಪಡೆದು ಬಾರದವರೂ ಸೇರಿರಬಹುದು. ಆದ್ದರಿಂದ ಇಷ್ಟು ಜನ ಬಂದಿದ್ದರು ಎನ್ನದೆ, ಇಷ್ಟು ಜನ ಬಂದಿದ್ದರೆಂದು ತಂಡ ಪ್ರಕಟಿಸಿತು ಎಂದು ಬರೆಯುವುದು ಕ್ಷೇಮ.

ಜನರ ನೆನಪು, ಮತ್ತು ಒಬ್ಬ ತಾರೆಯ ನೆರಳು

ಆಟಗಾರರು, ತರಬೇತುದಾರರು, ಟಿಕೆಟ್ ಮಾರಿದವರು ಹೇಳುವುದನ್ನು ದಾಖಲಿಸಿಕೊಳ್ಳಬೇಕು. ಅಂಕಿಗಳಿಗಾಗಿ ಅಲ್ಲ, ಕಡತದಲ್ಲಿ ಇರದ ಸಂಗತಿಗಳಿಗಾಗಿ. ದಿನಾಂಕ ಮತ್ತು ಸ್ಕೋರ್‌ಗಳಲ್ಲಿ ನೆನಪು ಕೈಕೊಡುತ್ತದೆ, ಆದರೆ ಸಂಬಳ ಯಾವ ವಾರದಿಂದ ತಡವಾಗತೊಡಗಿತು ಎಂಬುದನ್ನು ಯಾರೂ ಸುಲಭವಾಗಿ ಮರೆಯುವುದಿಲ್ಲ. ಸಂದರ್ಶನಕ್ಕೆ ಹೋಗುವಾಗ ಅಂದಿನ ಪಂದ್ಯದ ಕಾರ್ಯಕ್ರಮ ಪುಸ್ತಿಕೆಯನ್ನೋ ಆಟಗಾರರ ಪಟ್ಟಿಯನ್ನೋ ಮುಂದಿಟ್ಟರೆ ಮಾತು ತಾನಾಗಿ ಹರಿಯುತ್ತದೆ.

ಹೆಸರುವಾಸಿಯಾದ ಒಬ್ಬನಿಗೆ ತಂಡದ ಚರಿತ್ರೆಯನ್ನು ಒಪ್ಪಿಸಿಬಿಡುವುದು ಈ ಪ್ರಕಾರದ ದೊಡ್ಡ ಪ್ರಲೋಭನೆ. ಕರ್ಟ್ ವಾರ್ನರ್ 1995ರಿಂದ 1997ರವರೆಗೆ ಅರೀನಾ ಲೀಗಿನ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಪರ ಆಡಿ, ಮುಂದೆ 2000ದ ಜನವರಿಯಲ್ಲಿ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್‌ಬೌಲ್‌ನ ಶ್ರೇಷ್ಠ ಆಟಗಾರನೆನಿಸಿದ. ಅವನ ನೆರಳಿನಲ್ಲಿ, ಆ ತಂಡ 1996 ಮತ್ತು 1997ರಲ್ಲಿ ಸತತವಾಗಿ ಎರಡು ಅರೀನಾಬೌಲ್ ಸೋತದ್ದೂ, 2000ದ ನಂತರ ಆ ಫ್ರಾಂಚೈಸಿ ಲಾಂಗ್ ಐಲೆಂಡ್‌ಗೆ ಹೋಗಿ ನ್ಯೂಯಾರ್ಕ್ ಡ್ರ್ಯಾಗನ್ಸ್ ಆದದ್ದೂ ಮರೆಯಾಗುತ್ತವೆ. ಆಲ್ಬನಿಯಲ್ಲಿ ಎಡ್ಡಿ ಬ್ರೌನ್ ಇದಕ್ಕೆ ವಿರುದ್ಧವಾದ ಉದಾಹರಣೆ: 2006ರಲ್ಲಿ ಲೀಗ್ ತನ್ನ ಇಪ್ಪತ್ತು ಶ್ರೇಷ್ಠ ಆಟಗಾರರನ್ನು ಆರಿಸಿದಾಗ ಅವನಿಗೇ ಮೊದಲ ಸ್ಥಾನ ಕೊಟ್ಟಿತು, ಆದರೆ ಅವನ ಖ್ಯಾತಿಯೆಲ್ಲ ಈ ಆಟದೊಳಗಿನದೇ. ಇಂಥವನ ಬಗ್ಗೆ ಎರಡು ಪುಟ ಬರೆದರೂ ಅದು ತಂಡದ ಚರಿತ್ರೆಯಾಗಿಯೇ ಉಳಿಯುತ್ತದೆ.

ಕೊನೆಯ ದಿನ ಯಾವುದು?

ಮುಚ್ಚುವುದು ಒಂದೇ ದಿನ ನಡೆಯುವ ಘಟನೆಯಲ್ಲ. ಆಲ್ಬನಿ ಎಂಪೈರ್ 2019ರ ಆಗಸ್ಟ್ 11ರಂದು ಫಿಲಡೆಲ್ಫಿಯಾ ಸೋಲ್ ತಂಡವನ್ನು 45–27ರಿಂದ ಸೋಲಿಸಿ ಪ್ರಶಸ್ತಿ ಎತ್ತಿಕೊಂಡಿತು; ಅಕ್ಟೋಬರ್ ಕೊನೆಯಲ್ಲಿ ಲೀಗ್ ಎಲ್ಲ ಆರು ಊರುಗಳ ಸ್ಥಳೀಯ ಕಚೇರಿಗಳನ್ನು ಮುಚ್ಚಿತು; ನವೆಂಬರ್ 27ರಂದು ಲೀಗೇ ಚಾಪ್ಟರ್ 7 ಅಡಿ ದಿವಾಳಿ ಅರ್ಜಿ ಸಲ್ಲಿಸಿದ್ದನ್ನು ಪ್ರಕಟಿಸಿತು. ಮೂರು ದಿನಾಂಕಗಳೂ ಸರಿ. ಕೊನೆಯ ಪಂದ್ಯ, ಕೊನೆಯ ಕೆಲಸದ ದಿನ, ಕಾನೂನಿನ ಕೊನೆ ಎಂದು ಮೂರನ್ನೂ ಬಿಡಿಬಿಡಿಯಾಗಿ ಕೊಡಬೇಕು. ಹಿಂದೊಮ್ಮೆಯಂತೂ ಅರೀನಾ ಲೀಗ್ 2009ರ ಇಡೀ ಋತುವನ್ನೇ ರದ್ದುಮಾಡಿ ದಿವಾಳಿಯಾಗಿ, ಅದರ ಆಸ್ತಿಯನ್ನು ಹರಾಜಿನಲ್ಲಿ ಕೊಂಡ ಹೊಸ ಸಂಸ್ಥೆ 2010ರಲ್ಲಿ ಅದೇ ಹೆಸರಿನಲ್ಲಿ ಆಟ ಆರಂಭಿಸಿತು; ಆ ಅವಧಿಯ ತಂಡವನ್ನು ಕುರಿತು ಬರೆಯುವಾಗ ಅಮಾನತು ಮತ್ತು ಮುಚ್ಚುಗಡೆಗಳ ನಡುವಣ ಗೆರೆ ಎಲ್ಲಿದೆ ಎಂದು ಹೇಳಲೇಬೇಕು.

ಕಾರಣಗಳನ್ನು ಬರೆಯುವಾಗ ತಂಡದ ಪ್ರಕಟಣೆಯನ್ನು ಕಾರಣವೆಂದು ಒಪ್ಪದೆ, ಹೇಳಿಕೆಯೆಂದು ಮಾತ್ರ ಉಲ್ಲೇಖಿಸಬೇಕು. ಟಿಕೆಟ್ ಮಾರಾಟ ಕುಸಿಯಿತೆಂಬುದು ಎಲ್ಲರಿಗೂ ಹೊಳೆಯುವ ವಿವರಣೆ. ಕಣ್ಣಿಗೆ ಬೀಳದ ಖರ್ಚು ಗಾಯಾಳು ಆಟಗಾರರಿಗಾಗಿ ಕಟ್ಟಬೇಕಾದ ವಿಮೆಯದು. 2019ರಲ್ಲಿ ಲೀಗಿನ ಹಣಕಾಸಿನ ತೊಂದರೆಗಳ ಪೈಕಿ, ವಿಮಾ ಕಂತು ಪಾವತಿಯಾಗಿಲ್ಲವೆಂದು ಹಳೆಯ ವಿಮಾದಾರ ಸಂಸ್ಥೆಯೊಂದು ಹೂಡಿದ ದೊಡ್ಡ ಮೊತ್ತದ ದಾವೆಯೂ ಒಂದಾಗಿತ್ತು. ಇನ್ನು, 2023ರಲ್ಲಿ ನ್ಯಾಷನಲ್ ಅರೀನಾ ಲೀಗ್ ಆಲ್ಬನಿ ಎಂಪೈರ್ ತಂಡವನ್ನು ಹೊರಹಾಕಿದಾಗ ಕೊಟ್ಟ ಕಾರಣ ಲೀಗಿಗೆ ಸಲ್ಲಬೇಕಾದ ಹಣ ಬಂದಿಲ್ಲವೆಂಬುದು. ಅಲ್ಲಿ ತಂಡವನ್ನು ನಿಲ್ಲಿಸಿದ್ದು ಲೀಗ್, 2019ರಲ್ಲಿ ಲೀಗೇ ಕುಸಿದು ಗೆದ್ದ ತಂಡವನ್ನೂ ಜೊತೆಗೆ ಎಳೆದುಕೊಂಡು ಹೋಯಿತು. ಒಂದೇ ಊರಿನ, ಒಂದೇ ಹೆಸರಿನ ಎರಡು ತಂಡಗಳು ಮುಚ್ಚಿದ ಬಗೆ ಇಷ್ಟು ಬೇರೆ ಬೇರೆಯಾಗಿರುವಾಗ, ಎರಡಕ್ಕೂ ಆರ್ಥಿಕ ಕಾರಣ ಎಂಬ ಒಂದೇ ಪದಗುಚ್ಛ ಅಂಟಿಸುವಂತಿಲ್ಲ.

ಬರವಣಿಗೆಯ ಕ್ರಮದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಮೊದಲು ಸಿದ್ಧಪಡಿಸಿದ ವರ್ಷವಾರು ಕೋಷ್ಟಕವನ್ನು ಲೇಖನದ ಕೊನೆಗೆ ಇಡಿ. ಋತುಗಳ ಬದಲು ಮಾಲೀಕರು ಬದಲಾದ ಜಾಗಗಳಲ್ಲಿ ಅಧ್ಯಾಯ ಮುರಿಯಿರಿ, ಪ್ರತಿ ಅಧ್ಯಾಯದಲ್ಲಿ ಒಂದೇ ಒಂದು ಪಂದ್ಯವನ್ನು ವಿವರವಾಗಿ ಬರೆಯಿರಿ, ಉಳಿದವುಗಳಿಗೆ ಫಲಿತಾಂಶ ಸಾಕು. ಎರಡು ಆಕರಗಳಲ್ಲಿ ತಾಳೆಯಾಗದ ಅಂಕಿಯನ್ನು ಕೈಬಿಡಿ, ಇಲ್ಲವೇ ಎರಡನ್ನೂ ಕೊಟ್ಟು ಯಾವುದು ಯಾರದೆಂದು ತಿಳಿಸಿ.